ದೂರದರ್ಶನದ ವೇಳಾಪಟ್ಟಿ ಮತ್ತು ವೀಕ್ಷಕನ ಅಸಮಾಧಾನ

ಶಾಲೆಯ ಗೋಡೆಗೆ ತೂಗುಹಾಕಿದ ವೇಳಾಪಟ್ಟಿಯು ದೂರದಿಂದ ನೋಡುವವರಿಗೆ ಗೆರೆ ಎಳೆದ ಕಾಗದದಂತೆ ಕಂಡೀತು. ಆದರೆ ಅದು ಶಾಲೆಯು ತನ್ನ ವಿದ್ಯಾರ್ಥಿಗಳಿಗೆ ಕೊಟ್ಟ ಮಾತು. ಮೂರನೆಯ ಅವಧಿ ಗಣಿತಕ್ಕೆಂದು ಬರೆದ ಮೇಲೆ, ಗಂಟೆ ಬಾರಿಸಿದ ಕೂಡಲೆ ಗಣಿತದ ಉಪಾಧ್ಯಾಯರು ತರಗತಿಯಲ್ಲಿರಬೇಕು. ಅವರಿಗೆ ಬದಲಾಗಿ ಬೇರೊಬ್ಬರು ಬಂದು ಹಿಂದಿನ ವಾರದ ಪಾಠವನ್ನೇ ಮತ್ತೆ ಓದಿಸಿದರೆ ಹುಡುಗರು ಒಂದು ದಿನ ಸುಮ್ಮನಿದ್ದಾರು. ದಿನವೂ ಹೀಗೆಯೇ ನಡೆದರೆ ಪಾಠದ ಮೇಲಣ ಆಸಕ್ತಿಯ ಜೊತೆಗೆ ಶಾಲೆಯ ಮೇಲಣ ವಿಶ್ವಾಸವೂ ಹೋಗುತ್ತದೆ.

ಸಾರ್ವಜನಿಕ ಪ್ರಸಾರ ಸಂಸ್ಥೆಗೂ ಅದರ ವೀಕ್ಷಕರಿಗೂ ಇರುವ ಸಂಬಂಧ ಇಂಥದೇ. ದೂರದರ್ಶನವು ಮನೆಮನೆಗೆ ಬಂದ ಕಾಲದಿಂದಲೂ ವೀಕ್ಷಕರ ದೂರುಗಳು ಮುಖ್ಯವಾಗಿ ಎರಡು: ಬೇಕಾದುದು ಬೇಕಾದ ವೇಳೆಗೆ ಬರುವುದಿಲ್ಲ ಎಂಬುದೊಂದು, ಬಂದುದೇ ಮತ್ತೆ ಮತ್ತೆ ಬರುತ್ತದೆ ಎಂಬುದು ಇನ್ನೊಂದು. ಇವುಗಳನ್ನು ಬಿಡುವಿನ ವೇಳೆಯ ಗೊಣಗಾಟವೆಂದು ತಳ್ಳಿಹಾಕುವುದು ಸುಲಭ. ಆದರೆ ಈ ದೂರುಗಳ ಮೂಲವನ್ನು ಹುಡುಕುತ್ತ ಹೋದರೆ ಭಾಷೆ, ಹಣ, ಯಂತ್ರಸಾಮರ್ಥ್ಯ, ಅಧಿಕಾರ ಇವುಗಳ ಹಂಚಿಕೆಯ ಪ್ರಶ್ನೆಗಳೇ ಎದುರಾಗುತ್ತವೆ.

ಹಳ್ಳಿಗೆ ಮೊದಲು ಬಂದ ದೂರದರ್ಶನ

ಭಾರತದಲ್ಲಿ ದೂರದರ್ಶನವು ೧೯೫೯ರ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ೧೯೬೫ರಲ್ಲಿ ಅದು ನಿತ್ಯದ ಸೇವೆಯಾಯಿತು. ೧೯೭೨ರಲ್ಲಿ ಮುಂಬಯಿಯನ್ನು ತಲುಪಿತು. ಕರ್ನಾಟಕಕ್ಕೆ ಅದು ಬಂದ ಬಗೆ ಮಾತ್ರ ವಿಶಿಷ್ಟವಾದುದು. ಇಲ್ಲಿ ಅದು ರಾಜಧಾನಿಗಿಂತ ಮೊದಲು ಹಳ್ಳಿಗಳಿಗೆ ಬಂದಿತು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ನಡೆದ ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು ೨,೪೦೦ ಗ್ರಾಮಗಳು ಸೇರಿದ್ದವು. ಅವುಗಳಲ್ಲಿ ಅಂದಿನ ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಗ್ರಾಮಗಳೂ ಇದ್ದವು. ಪ್ರತಿ ಗ್ರಾಮಕ್ಕೊಂದು ಸಮುದಾಯದ ಪೆಟ್ಟಿಗೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಹಿರಿಯರಿಗೆ.

ವೇಳೆಯ ಹಂಚಿಕೆ ಎಷ್ಟು ಕಠಿಣವಾದ ಕೆಲಸವೆಂಬುದು ಆ ಪ್ರಯೋಗದಲ್ಲಿಯೇ ವ್ಯಕ್ತವಾಯಿತು. ಇದ್ದುದು ಒಂದೇ ಉಪಗ್ರಹ. ಕೇಳುವವರು ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂಬ ನಾಲ್ಕು ಭಾಷೆಗಳವರು. ಬೆಳಗಿನ ಒಂದೂವರೆ ಗಂಟೆಯನ್ನು ನಾಲ್ಕು ಭಾಗ ಮಾಡಿದಾಗ ಒಂದೊಂದು ಭಾಷೆಯ ಮಕ್ಕಳಿಗೆ ದೊರೆತುದು ಇಪ್ಪತ್ತೆರಡೂವರೆ ನಿಮಿಷ. ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಗಳನ್ನು ಕಳುಹಿಸಬಲ್ಲದಾಗಿದ್ದುದರಿಂದ, ಕೆಲವು ಕಾರ್ಯಕ್ರಮಗಳಲ್ಲಿ ಒಂದೇ ಚಿತ್ರವನ್ನು ಒಂದೆಡೆ ತೆಲುಗಿನಲ್ಲಿಯೂ ಇನ್ನೊಂದೆಡೆ ಕನ್ನಡದಲ್ಲಿಯೂ ಕೇಳಿಸುವ ವ್ಯವಸ್ಥೆಯಿತ್ತು. ಅವಧಿ ಕಿರಿದಾದರೂ ಅದು ನಿಶ್ಚಿತವಾಗಿತ್ತು. ಯಾವ ಹೊತ್ತಿಗೆ ತಮ್ಮ ಪಾಠ ಬರುವುದೆಂಬುದು ಮಕ್ಕಳಿಗೆ ತಿಳಿದಿತ್ತು. ಅವರನ್ನು ಸಕಾಲದಲ್ಲಿ ಪೆಟ್ಟಿಗೆಯ ಮುಂದೆ ಕುಳ್ಳಿರಿಸುವುದು ಉಪಾಧ್ಯಾಯರಿಗೆ ಸಾಧ್ಯವಿತ್ತು. ಪ್ರಯೋಗ ಮುಗಿದೊಡನೆ ಉಪಗ್ರಹದ ಸೇವೆ ನಿಂತಿತು. ಮುಂದೆ ೧೯೭೭ರಲ್ಲಿ ಗುಲ್ಬರ್ಗಾದಲ್ಲಿ ನೆಲದ ಪ್ರೇಷಕ ಸ್ಥಾಪಿತವಾದ ಮೇಲೆಯೇ ಆ ಭಾಗದ ಹಳ್ಳಿಗಳಿಗೆ ಮತ್ತೆ ಚಿತ್ರ ಬಂದಿತು. ಬೆಂಗಳೂರಿಗೆ ದೂರದರ್ಶನ ಬಂದುದು ೧೯೮೧ರ ನವೆಂಬರಿನಲ್ಲಿ.

ಕಾಲುವೆಯ ಕೊನೆಯ ಹೊಲ

೧೯೮೨ರ ಆಗಸ್ಟ್ ೧೫ರಂದು ರಾಷ್ಟ್ರೀಯ ಕಾರ್ಯಕ್ರಮವೂ ವರ್ಣಪ್ರಸಾರವೂ ಆರಂಭವಾದವು. ಅಂದಿನಿಂದ ರಾತ್ರಿಯ ಮುಖ್ಯ ಅವಧಿ, ಎಂದರೆ ದುಡಿದು ಬಂದ ಜನ ಊಟ ಮುಗಿಸಿ ಕುಳಿತುಕೊಳ್ಳುವ ಹೊತ್ತು, ದೆಹಲಿಯ ಹಿಂದಿ ಮತ್ತು ಇಂಗ್ಲಿಷ್ ಕಾರ್ಯಕ್ರಮಗಳಿಗೆ ಮೀಸಲಾಯಿತು. ರಾಜ್ಯದ ಭಾಷೆಗೆ ಉಳಿದುದು ಸಂಜೆಯ ಮೊದಲ ಭಾಗ. ಹೊಲದಿಂದ, ಅಂಗಡಿಯಿಂದ, ಕಚೇರಿಯಿಂದ ಜನರು ಇನ್ನೂ ಮನೆಗೆ ಮರಳದ ಹೊತ್ತು ಅದು.

ಇದಕ್ಕಿಂತ ಗಂಭೀರವಾದ ಅಡಚಣೆಯು ಯಂತ್ರಗಳ ಜೋಡಣೆಯಿಂದ ಉಂಟಾಯಿತು. ೧೯೮೩ರಲ್ಲಿ ಇನ್ಸಾಟ್-೧ಬಿ ಉಪಗ್ರಹವು ಕಕ್ಷೆಗೆ ಸೇರಿದ ಮೇಲೆ ದೇಶದ ಪಟ್ಟಣಗಳಲ್ಲಿ ಕಡಿಮೆ ಸಾಮರ್ಥ್ಯದ ಪ್ರೇಷಕಗಳನ್ನು ಅತಿ ಶೀಘ್ರವಾಗಿ ಸ್ಥಾಪಿಸಲಾಯಿತು. ೧೯೮೪ರಲ್ಲಿ ಕೆಲವು ತಿಂಗಳ ಕಾಲ ದಿನಕ್ಕೊಂದರಂತೆ ಇವು ತಲೆಯೆತ್ತಿದವು. ಇಂಥ ಪ್ರೇಷಕದಲ್ಲಿ ಸ್ಟುಡಿಯೋ ಇರಲಿಲ್ಲ. ಉಪಗ್ರಹದಿಂದ ಇಳಿದುದನ್ನು ಹಿಡಿದು ಸುತ್ತಲಿನ ಕೆಲವು ಮೈಲಿಗಳಿಗೆ ಹರಡುವುದಷ್ಟೇ ಅದರ ಕೆಲಸ. ಉಪಗ್ರಹದಿಂದ ಇಳಿಯುತ್ತಿದ್ದುದು ದೆಹಲಿಯ ಕಾರ್ಯಕ್ರಮ. ಆದುದರಿಂದ ಕರ್ನಾಟಕದ ಪಟ್ಟಣದಲ್ಲಿ ನಿಂತ ಪ್ರೇಷಕವೊಂದು ದೆಹಲಿಯ ಮಾತನ್ನು ಸಲೀಸಾಗಿ ತಲುಪಿಸುತ್ತಿತ್ತು. ಬೆಂಗಳೂರಿನ ಕನ್ನಡವನ್ನು ತಲುಪಿಸಲು ಅದಕ್ಕೆ ಪ್ರತ್ಯೇಕ ಸಂಪರ್ಕ ಬೇಕಾಗಿತ್ತು. ಅದು ಆಗುವ ತನಕ ಅಂಥ ಊರಿನವರು ಬೆಂಗಳೂರಿನವರು ನೋಡಿದ ‘ಚಿತ್ರಮಂಜರಿ’ಯ ವಿಚಾರವನ್ನು ಬಂಧುಗಳ ಬಾಯಿಂದ ಕೇಳಬೇಕಾಗಿತ್ತು. ನಾಲೆಯ ನೀರು ಮೇಲಿನ ಹೊಲಗಳನ್ನು ದಾಟಿ ಕೊನೆಯ ಹೊಲಕ್ಕೆ ಬರುವಷ್ಟರಲ್ಲಿ ಬತ್ತಿಹೋಗುವಂತೆ, ಸ್ವಂತ ಭಾಷೆಯ ಪ್ರಸಾರವು ಊರಿನ ಗಡಿಯಲ್ಲಿಯೇ ನಿಂತುಹೋಗುತ್ತಿತ್ತು.

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಕಥೆಯೂ ಇಲ್ಲಿ ಸ್ಮರಣೀಯ. ಆರ್. ಕೆ. ನಾರಾಯಣರ ಕಥೆಗಳನ್ನು ಆಧರಿಸಿ ಶಂಕರ್ ನಾಗ್ ಅವರು ೧೯೮೦ರ ದಶಕದ ಮಧ್ಯಭಾಗದಲ್ಲಿ ನಿರ್ದೇಶಿಸಿದ ಈ ಮಾಲೆಯ ಚಿತ್ರೀಕರಣ ಬಹುಪಾಲು ನಡೆದುದು ಮಲೆನಾಡಿನ ಆಗುಂಬೆಯಲ್ಲಿ. ನಿರ್ದೇಶಕರು ಕನ್ನಡಿಗರು, ಕಲಾವಿದರಲ್ಲಿ ಅನೇಕರು ಕನ್ನಡ ರಂಗಭೂಮಿಯವರು, ಮಳೆಯೂ ಮಣ್ಣೂ ಇಲ್ಲಿಯವು. ಆದರೆ ರಾಷ್ಟ್ರೀಯ ಜಾಲಕ್ಕೆಂದು ಅದು ತಯಾರಾದುದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡದ ಜನ ಅದನ್ನು ಅಪಾರ ಪ್ರೀತಿಯಿಂದ ನೋಡಿದರು. ತಮ್ಮ ಅಂಗಳವನ್ನೇ ಪರಭಾಷೆಯಲ್ಲಿ ಕಂಡ ಸಂಕೋಚವೂ ಆ ಪ್ರೀತಿಯ ಜೊತೆಗಿತ್ತು.

ಇಂಥ ದೂರುಗಳು ಸರಕಾರಕ್ಕೆ ತಿಳಿಯದವೇನೂ ಆಗಿರಲಿಲ್ಲ. ೧೯೮೨ರಲ್ಲಿ ಪಿ. ಸಿ. ಜೋಶಿಯವರ ಅಧ್ಯಕ್ಷತೆಯಲ್ಲಿ ರಚಿತವಾದ ಕಾರ್ಯತಂಡವು ದೂರದರ್ಶನದ ಕಾರ್ಯಕ್ರಮಗಳನ್ನು ಪರಿಶೀಲಿಸಿ, ದೆಹಲಿಯ ಕೇಂದ್ರಿತ ದೃಷ್ಟಿಯನ್ನು ಸ್ಪಷ್ಟವಾಗಿ ಟೀಕಿಸಿತು. ಪ್ರದೇಶಗಳ ಬದುಕಿಗೂ ಭಾಷೆಗೂ ಹೆಚ್ಚಿನ ಸ್ಥಾನ ಬೇಕೆಂದು ಹೇಳಿತು. ವೇಳೆಯ ಹಂಚಿಕೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ದುಃಖದ ಸಾಕ್ಷ್ಯವೂ ಉಂಟು. ೧೯೯೪ರ ಅಕ್ಟೋಬರಿನಲ್ಲಿ ಬೆಂಗಳೂರು ಕೇಂದ್ರದ ಸಂಜೆಯ ಅವಧಿಯಲ್ಲಿ ಉರ್ದು ವಾರ್ತೆಯನ್ನು ಸೇರಿಸಿದಾಗ ಹಿಂಸಾಚಾರವುಂಟಾಗಿ ಹಲವು ಜೀವಗಳು ಬಲಿಯಾದವು. ನೆರೆಯವನ ಭಾಷೆ ಯಾರಿಗೂ ಶತ್ರುವಲ್ಲ. ಆದರೆ ಇರುವ ಕೆಲವೇ ನಿಮಿಷಗಳಲ್ಲಿ ಎಲ್ಲರೂ ಪಾಲು ಬೇಡುವಂತಾದರೆ ನೆರೆಯವನೇ ಪ್ರತಿಸ್ಪರ್ಧಿಯಂತೆ ಕಾಣತೊಡಗುತ್ತಾನೆ. ಕೊರತೆಯಿಂದ ಹುಟ್ಟಿದ ಕಹಿಯನ್ನು ಕೆರಳಿಸುವವರಿಗೆ ಆಗ ಕೆಲಸ ಸುಲಭ.

ಮುರಿದ ವೇಳೆ

ದಿನಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುತ್ತಿದ್ದ ದಿನದ ಕಾರ್ಯಕ್ರಮಗಳ ಪಟ್ಟಿಯನ್ನು ನೋಡಿಕೊಂಡು, ಮನೆಗೆಲಸವನ್ನು ಬೇಗ ಮುಗಿಸಿ, ನೆರೆಹೊರೆಯವರನ್ನೂ ಕರೆದು ಚಾಪೆ ಹಾಸಿ ಕುಳಿತ ಕುಟುಂಬಗಳು ೧೯೮೦ರ ದಶಕದಲ್ಲಿ ಅಸಂಖ್ಯ. ಅಂಥವರ ಮುಂದೆ ‘ರುಕಾವಟ್ ಕೇ ಲಿಯೇ ಖೇದ್ ಹೈ’ ಎಂಬ ಫಲಕ ನಿಂತುಬಿಡುತ್ತಿತ್ತು. ಯಂತ್ರ ಕೆಟ್ಟರೆ ಯಾರನ್ನೂ ದೂರಲಾಗದು. ೧೯೮೪ರ ಅಕ್ಟೋಬರ್ ೩೧ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾದಾಗ ನಿಗದಿತ ಕಾರ್ಯಕ್ರಮಗಳು ನಿಂತುದನ್ನೂ ಯಾರೂ ಆಕ್ಷೇಪಿಸಲಿಲ್ಲ. ಕಾರಣ ತಿಳಿದ ಬದಲಾವಣೆಯನ್ನು ಜನ ಸಹಿಸುತ್ತಾರೆ. ಕ್ರಿಕೆಟ್ ಪಂದ್ಯ ಬೆಳೆದುದರಿಂದಲೋ, ಯಾವುದೋ ಸಮಾರಂಭ ಮುಗಿಯದುದರಿಂದಲೋ ಪ್ರಕಟಿತ ಕಾರ್ಯಕ್ರಮವು ಮಾತಿಲ್ಲದೆ ಕಣ್ಮರೆಯಾಗಿ, ಅದು ಮುಂದೆ ಯಾವಾಗ ಬರುವುದೆಂಬ ಸೂಚನೆಯೂ ಇಲ್ಲದೆ ಹೋದಾಗ ಮಾತ್ರ ಕಾದವನಿಗೆ ಅವಮಾನವಾಗುತ್ತದೆ.

ಧಾರಾವಾಹಿಗಳ ಅವಧಿಯ ಹಿಂದೆಯೂ ಒಂದು ಲೆಕ್ಕವಿತ್ತು. ಪ್ರಾಯೋಜಿತ ಧಾರಾವಾಹಿಗಳಿಗೆ ಸಾಮಾನ್ಯವಾಗಿ ಹದಿಮೂರು ಕಂತುಗಳ ಅನುಮತಿ ದೊರೆಯುತ್ತಿತ್ತು. ಮೂರು ತಿಂಗಳಿಗೆ ಹದಿಮೂರು ವಾರ, ವಾರಕ್ಕೊಂದು ಕಂತು. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಮೂವತ್ತೊಂಬತ್ತು ಕಂತುಗಳದ್ದಾಗಲು ಈ ಹದಿಮೂರರ ಗುಣಾಕಾರವೇ ಕಾರಣ. ಕಥೆಯು ತನ್ನ ಧರ್ಮಕ್ಕನುಸಾರವಾಗಿ ಮುಗಿಯುವ ಬದಲು ಅನುಮತಿಯ ಅವಧಿಗೆ ತಕ್ಕಂತೆ ಮುಗಿಯುವುದೂ ಹಿಗ್ಗುವುದೂ ಆಗಿನ ರೂಢಿ.

ಆದರೂ ವೀಕ್ಷಕನ ಮಾತು ಎಂದೂ ನಡೆಯಲಿಲ್ಲವೆಂದು ಹೇಳುವಂತಿಲ್ಲ. ರಾಮಾನಂದ ಸಾಗರರ ‘ರಾಮಾಯಣ’ವು ೧೯೮೭ರ ಜನವರಿ ೨೫ರಂದು ಆರಂಭವಾದಾಗ ಅದಕ್ಕೆ ೫೨ ಕಂತುಗಳ ಮಿತಿಯಿತ್ತು. ಜನರ ಅಪೇಕ್ಷೆಯಿಂದ ಅದು ೭೮ ಕಂತುಗಳವರೆಗೆ ಬೆಳೆದು ೧೯೮೮ರ ಜುಲೈ ೩೧ರಂದು ಮುಗಿಯಿತು. ಲವಕುಶರ ಕಥೆಯನ್ನು ಬಿಟ್ಟು, ವಾಲ್ಮೀಕಿ ಮಹರ್ಷಿಯ ಆಶ್ರಮವನ್ನು ತೋರಿಸದೆ ಮಾಲೆಯನ್ನು ಮುಗಿಸಲಾಗುವುದೆಂದು ತಿಳಿದಾಗ, ವಾಲ್ಮೀಕಿಯನ್ನು ತಮ್ಮ ಕುಲಗುರುವೆಂದು ಪೂಜಿಸುವ ಪಂಜಾಬಿನ ಜಲಂಧರದ ಪೌರಕಾರ್ಮಿಕರು ಮುಷ್ಕರ ಹೂಡಿದರು. ಅದು ಇತರ ಊರುಗಳಿಗೂ ಹರಡಿತು. ಮುಂದೆ ಉತ್ತರಕಾಂಡದ ಕಥೆಯೂ ಚಿತ್ರಿತವಾಗಿ ಪ್ರಸಾರವಾಯಿತು. ಬೀದಿ ಗುಡಿಸುವವರು ದೆಹಲಿಯ ವೇಳಾಪಟ್ಟಿಯನ್ನು ತಿದ್ದಿಸಿದ ಪ್ರಸಂಗವಿದು.

ಕಂಡುದನ್ನೇ ಕಾಣುವುದು ಏಕೆ?

ಇನ್ನು ಪುನಃಪ್ರಸಾರದ ವಿಚಾರ. ದಿನದ ಇಪ್ಪತ್ತನಾಲ್ಕು ಗಂಟೆಯೂ ನಡೆಯುವ ವಾಹಿನಿಗೆ ವರ್ಷಕ್ಕೆ ೮,೭೬೦ ಗಂಟೆಗಳ ಸಾಮಗ್ರಿ ಬೇಕು. ಅರ್ಧ ಗಂಟೆಯ ನಾಟಕವನ್ನು ಚಿತ್ರಿಸಲು ಲೇಖಕ, ನಟ, ಛಾಯಾಗ್ರಾಹಕ, ಸಂಕಲನಕಾರ ಇವರೆಲ್ಲರ ಅನೇಕ ದಿನಗಳ ದುಡಿಮೆ ಬೇಕು. ಈಗಾಗಲೇ ಇರುವುದನ್ನು ಮತ್ತೊಮ್ಮೆ ಬಿತ್ತರಿಸಲು ಅದರ ಅಲ್ಪ ಅಂಶದ ವೆಚ್ಚ ಸಾಕು. ಸರಕಾರದ ಅನುದಾನವನ್ನೂ ಜಾಹೀರಾತಿನ ಆದಾಯವನ್ನೂ ನಂಬಿದ ಸಂಸ್ಥೆಯಲ್ಲಿ ಹಣ ಕಡಿಮೆಯಾದಾಗ ಮೊದಲು ನಿಲ್ಲುವುದು ಹೊಸ ನಿರ್ಮಾಣ. ಕಟ್ಟಡಕ್ಕೂ ವಿದ್ಯುತ್ತಿಗೂ ವೇತನಕ್ಕೂ ತಗಲುವ ವೆಚ್ಚ ನಿಲ್ಲುವಂತಿಲ್ಲ. ಆದುದರಿಂದ ಹಳೆಯ ಮುದ್ರಿಕೆಗಳೇ ಗತಿಯಾಗುತ್ತವೆ.

ಇದು ಭಾರತದ ದೋಷ ಮಾತ್ರವಲ್ಲ. ಮನೆಗಳಿಂದ ಲೈಸೆನ್ಸ್ ಶುಲ್ಕ ಪಡೆದು ನಡೆಯುವ ಬ್ರಿಟನ್ನಿನ ಬಿಬಿಸಿಯ ವೀಕ್ಷಕರೂ, ಶುಲ್ಕ ಕೊಟ್ಟ ಮೇಲೆಯೂ ಹಳೆಯದನ್ನೇ ನೋಡಬೇಕೆ ಎಂದು ಬಹುಕಾಲದಿಂದ ಕೇಳುತ್ತ ಬಂದವರೇ. ಅಲ್ಲಿ ವೀಕ್ಷಕರ ಪತ್ರಗಳನ್ನು ಓದುವುದಕ್ಕೆಂದೇ ೧೯೬೧ರಲ್ಲಿ ‘ಪಾಯಿಂಟ್ಸ್ ಆಫ್ ವ್ಯೂ’ ಎಂಬ ಕಾರ್ಯಕ್ರಮ ಆರಂಭವಾಯಿತು. ಭಾರತದಲ್ಲಿಯೂ ೧೯೮೦ರ ದಶಕದ ಮಧ್ಯಭಾಗದವರೆಗೆ ರೇಡಿಯೋ ಮತ್ತು ದೂರದರ್ಶನದ ಪೆಟ್ಟಿಗೆಗಳಿಗೆ ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಹಣ ಕಟ್ಟುವ ಪದ್ಧತಿಯಿತ್ತೆಂಬುದನ್ನು ಹಿರಿಯರು ಮರೆತಿರಲಾರರು.

ಆದರೆ ಪುನಃಪ್ರಸಾರವು ಸರ್ವಥಾ ಅನಿಷ್ಟವೆಂದು ತೀರ್ಮಾನಿಸುವುದು ಆತುರವಾದೀತು. ಅದು ಇಲ್ಲದೆ ಹೋದಾಗ ಏನಾಯಿತೆಂಬುದಕ್ಕೂ ಬಿಬಿಸಿಯ ಇತಿಹಾಸವೇ ಪಾಠ. ೧೯೬೦ ಮತ್ತು ೭೦ರ ದಶಕಗಳಲ್ಲಿ ವೀಡಿಯೋ ಟೇಪು ಬಹಳ ದುಬಾರಿಯಾಗಿತ್ತು. ನಟರ ಸಂಘದೊಡನೆ ಮಾಡಿಕೊಂಡ ಒಪ್ಪಂದಗಳು ಕಾರ್ಯಕ್ರಮವನ್ನು ಎಷ್ಟು ಸಲ ತೋರಿಸಬಹುದೆಂಬುದಕ್ಕೆ ಮಿತಿ ಹಾಕಿದ್ದವು. ಮತ್ತೆ ತೋರಿಸಲಾಗದ ಟೇಪನ್ನು ಇಟ್ಟುಕೊಂಡು ಪ್ರಯೋಜನವೇನೆಂದು ಅದನ್ನು ಅಳಿಸಿ ಹೊಸದನ್ನು ಮುದ್ರಿಸಲಾಯಿತು. ೧೯೬೯ರಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟ ರಾತ್ರಿ ಬಿಬಿಸಿಯ ಸ್ಟುಡಿಯೋದಿಂದ ನಡೆದ ಪ್ರಸಾರದ ಬಹುಭಾಗವೂ ಇಂದು ಲಭ್ಯವಿಲ್ಲ. ದೂರದರ್ಶನದ ಕೇಂದ್ರಗಳಲ್ಲಿಯೂ ಟೇಪುಗಳನ್ನು ಅಳಿಸಿ ಮತ್ತೆ ಬಳಸಿದುದರಿಂದ ಹಲವು ಅಮೂಲ್ಯ ಮುದ್ರಿಕೆಗಳು ನಷ್ಟವಾದವು. ಒಂದೇ ಕಾರ್ಯಕ್ರಮವನ್ನು ಹತ್ತು ಸಲ ನೋಡಿ ಬೇಸತ್ತ ವೀಕ್ಷಕನಿಗೆ, ಒಂದು ಸಲವೂ ಮತ್ತೆ ನೋಡಲಾಗದಂತೆ ಅಳಿದುಹೋದ ಮಹಾಗಾಯಕನ ಕಛೇರಿಯ ನಷ್ಟ ತಿಳಿಯುವುದಿಲ್ಲ.

ಪುನರಾವೃತ್ತಿಯೇ ಪ್ರಸಾದವಾದ ಕಾಲ

೨೦೨೦ರ ಮಾರ್ಚಿಯಲ್ಲಿ ಕೊರೋನಾ ಮಹಾಮಾರಿಯಿಂದ ದೇಶವು ಬಾಗಿಲು ಹಾಕಿಕೊಂಡಾಗ ಚಿತ್ರೀಕರಣಗಳು ನಿಂತವು. ಹೊಸ ಕಾರ್ಯಕ್ರಮಗಳಿಗೆ ಆಸ್ಪದವೇ ಇಲ್ಲವಾಯಿತು. ಆಗ ದೂರದರ್ಶನವು ಮಾರ್ಚ್ ೨೮ರಿಂದ ಮೂವತ್ತಮೂರು ವರ್ಷ ಹಿಂದಿನ ‘ರಾಮಾಯಣ’ವನ್ನು ದಿನಕ್ಕೆರಡು ಸಲ ಬಿತ್ತರಿಸಿತು. ಆ ಏಪ್ರಿಲ್ ೧೬ರಂದು ಒಂದೇ ದಿನ ೭.೭ ಕೋಟಿ ಜನ ಅದನ್ನು ನೋಡಿದರೆಂದು ದೂರದರ್ಶನವೇ ಪ್ರಕಟಿಸಿತು. ಬೇಸರದ ಮೂಲವೆನಿಸಿದ್ದ ಪುನಃಪ್ರಸಾರವನ್ನು ಜನ ಕೈಚಾಚಿ ಸ್ವೀಕರಿಸಿದರು. ಅದು ಹಳೆಯದೆಂದು ಎಲ್ಲರಿಗೂ ತಿಳಿದಿತ್ತು. ಏಕೆ ಬರುತ್ತಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂಬುದೂ ತಿಳಿದಿತ್ತು.

ಶಿಕ್ಷಕರಿಗೆ ಇನ್ನೂ ಹತ್ತಿರವಾದ ನಿದರ್ಶನ ಕರ್ನಾಟಕದಲ್ಲಿಯೇ ದೊರೆಯುತ್ತದೆ. ಶಾಲೆಗಳು ಮುಚ್ಚಿದ್ದ ಅದೇ ವರ್ಷದ ಜುಲೈ ತಿಂಗಳಿನಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ‘ಸೇತುಬಂಧ’ ಪಾಠಗಳು ಚಂದನ ವಾಹಿನಿಯಲ್ಲಿ ಆರಂಭವಾದವು. ಅನಂತರ ‘ಸಂವೇದ’ ಎಂಬ ಪಾಠಮಾಲೆ ಬಂದಿತು. ಅಂತರ್ಜಾಲವಿಲ್ಲದ ಮನೆಯ ಮಗುವಿಗೆ ಆ ಅರ್ಧ ಗಂಟೆಯೇ ಶಾಲೆ. ಒಂದೇ ಪೆಟ್ಟಿಗೆಯಿರುವ ಮನೆಯಲ್ಲಿ ಬೇರೆ ಬೇರೆ ತರಗತಿಗಳ ಇಬ್ಬರು ಮಕ್ಕಳಿದ್ದರೆ ಪಾಠಗಳ ವೇಳೆ ಒಂದರ ಮೇಲೊಂದು ಬೀಳಬಾರದು. ಪಾಠದ ನಡುವೆ ವಿದ್ಯುತ್ತು ಹೋದರೆ, ಕೂಲಿಗೆ ಹೋದ ತಾಯಿಯ ಬದಲು ಮಗುವೇ ಮನೆಗೆಲಸ ನೋಡಬೇಕಾದರೆ, ಆ ದಿನದ ಪಾಠ ಹೋದಂತೆಯೇ. ಅಂಥ ಮಗುವಿಗೆ ಬೇಕಾದುದು ಪುನಃಪ್ರಸಾರವೇ. ತಪ್ಪಿದ ಪಾಠ ಮತ್ತೆ ಯಾವ ದಿನ, ಎಷ್ಟು ಗಂಟೆಗೆ ಬರುವುದೆಂಬ ಒಂದು ಸಾಲಿನ ಸೂಚನೆಯು ಆ ಮನೆಯಲ್ಲಿ ಯಾವ ಮನರಂಜನೆಗಿಂತಲೂ ಬೆಲೆಯುಳ್ಳದ್ದಾಗಿತ್ತು.

ಇವೆರಡನ್ನೂ ಕೂಡಿಸಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಪುನರಾವೃತ್ತಿಯು ವೀಕ್ಷಕನ ಅಗತ್ಯವನ್ನು ಕುರಿತು ಯೋಚಿಸಿ ಮಾಡಿದುದಾದರೆ ಉಪಕಾರ. ಖಾಲಿ ಅವಧಿಯನ್ನು ತುಂಬಲು ಮಾಡಿದುದಾದರೆ ಉಪೇಕ್ಷೆ. ಒಳ್ಳೆಯ ಉಪಾಧ್ಯಾಯರು ಪಾಠವನ್ನು ಮತ್ತೆ ಹೇಳುವುದು ಹಿಂದುಳಿದ ಹುಡುಗನಿಗಾಗಿ. ಹೊಸ ಪಾಠವನ್ನು ಸಿದ್ಧಪಡಿಸಿಕೊಳ್ಳದವರೂ ಹಳೆಯದನ್ನೇ ಮತ್ತೆ ಹೇಳುತ್ತಾರೆ. ಹೇಳುವ ಮಾತು ಒಂದೇ. ಎದುರಿಗೆ ಕುಳಿತವರಿಗೆ ಅಂತರ ತಿಳಿಯದೆ ಹೋಗುವುದಿಲ್ಲ.

ನಿಷ್ಠೆಗೆ ಒಂದು ಮಾದರಿ

ವೇಳೆಯನ್ನು ಉಳಿಸಿಕೊಂಡು ಜನರ ವಿಶ್ವಾಸ ಗಳಿಸಿದ ಕಾರ್ಯಕ್ರಮಗಳೂ ಇಲ್ಲದಿಲ್ಲ. ೨೦೦೨ರಲ್ಲಿ ಆರಂಭವಾಗಿ ಡಾ. ನಾ. ಸೋಮೇಶ್ವರ ಅವರು ಸಾವಿರಾರು ಕಂತುಗಳವರೆಗೆ ನಡೆಸಿಕೊಂಡು ಬಂದ ‘ಥಟ್ ಅಂತ ಹೇಳಿ’ ರಸಪ್ರಶ್ನೆ ಕಾರ್ಯಕ್ರಮದಲ್ಲಿ ಬಹುಮಾನವೆಂದರೆ ಕನ್ನಡ ಪುಸ್ತಕ. ಆಡಂಬರವಿಲ್ಲದ ಈ ಕಾರ್ಯಕ್ರಮ ಹಳ್ಳಿ ಪಟ್ಟಣಗಳಲ್ಲಿ ನೆಲೆಯೂರಲು ಅದರ ಗುಣದಷ್ಟೇ ಅದರ ನಿಯಮಿತತೆಯೂ ಕಾರಣವೆನ್ನಬಹುದು.

೧೯೯೦ರ ದಶಕದಲ್ಲಿ ಉಪಗ್ರಹ ವಾಹಿನಿಗಳು ಬಂದವು. ೧೯೯೪ರಲ್ಲಿ ಉದಯ, ೨೦೦೦ದಲ್ಲಿ ಈಟಿವಿ ಕನ್ನಡ ಬಂದವು. ಈಗ ಮೊಬೈಲಿನಲ್ಲಿ ಬೇಕಾದುದನ್ನು ಬೇಕಾದ ಹೊತ್ತಿಗೆ ನೋಡಬಹುದಾಗಿದೆ. ಹಾಗಿದ್ದ ಮೇಲೆ ಸಾರ್ವಜನಿಕ ವಾಹಿನಿಯ ವೇಳಾಪಟ್ಟಿಯ ಚಿಂತೆ ಏಕೆಂದು ಕೇಳಬಹುದು. ತಿಂಗಳ ಬಾಡಿಗೆಯಿಲ್ಲದ ಡಿಡಿ ಫ್ರೀ ಡಿಶ್ ಒಂದನ್ನೇ ಆಶ್ರಯಿಸಿದ ಮನೆಗಳು ದೇಶದಲ್ಲಿ ಇನ್ನೂ ಬಹಳವಿವೆ. ದುಡ್ಡು ಇದ್ದವನಿಗೆ ಆಯ್ಕೆ ಉಂಟು. ಇಲ್ಲದವನಿಗೆ ವೇಳಾಪಟ್ಟಿಯೇ ಆಯ್ಕೆ. ಇದ್ದವರು ಬೇರೆಡೆಗೆ ಹೋದ ಮೇಲೆ ದೂರು ಕೊಡುವ ಧ್ವನಿಗಳೂ ಕಡಿಮೆಯಾಗುತ್ತವೆ ಎಂಬುದು ಇನ್ನೂ ಹೆಚ್ಚಿನ ಅಪಾಯ.

ಕಾನೂನಿನ ದೃಷ್ಟಿಯಲ್ಲಿ ವೀಕ್ಷಕನ ಸ್ಥಾನ ಸಣ್ಣದಲ್ಲ. ಪ್ರಸಾರದ ತರಂಗಗಳು ಸಾರ್ವಜನಿಕ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೧೯೯೫ರ ಫೆಬ್ರವರಿಯಲ್ಲಿ ಸಾರಿತು. ೧೯೯೦ರಲ್ಲಿ ಅಂಗೀಕೃತವಾಗಿ ೧೯೯೭ರಲ್ಲಿ ಜಾರಿಗೆ ಬಂದ ಪ್ರಸಾರ ಭಾರತಿ ಕಾಯಿದೆಯು ವಿವಿಧ ಪ್ರದೇಶಗಳ ಭಾಷೆ ಸಂಸ್ಕೃತಿಗಳಿಗೆ ತಕ್ಕ ಸ್ಥಾನ ಕೊಡುವುದನ್ನೂ, ಶಿಕ್ಷಣ ಮತ್ತು ಕೃಷಿಗೆ ವಿಶೇಷ ಗಮನ ಕೊಡುವುದನ್ನೂ ನಿಗಮದ ಕರ್ತವ್ಯವೆಂದು ಹೇಳಿದೆ. ದೂರುಗಳನ್ನು ಸ್ವೀಕರಿಸಿ ಪರಿಶೀಲಿಸಲು ಒಂದು ಪ್ರಸಾರ ಮಂಡಲಿಯನ್ನೂ ಕಲ್ಪಿಸಿದೆ. ಹೀಗಾಗಿ ವೇಳೆಯನ್ನು ಕೇಳುವ ವೀಕ್ಷಕನು ತನ್ನ ಪಾಲನ್ನೇ ಕೇಳುತ್ತಾನೆ.

ಆ ಪಾಲಿನಲ್ಲಿ ಅಸಾಧ್ಯವಾದುದೇನೂ ಇಲ್ಲ. ಪ್ರಕಟಿಸಿದ ವೇಳೆಯನ್ನು ಉಳಿಸಿಕೊಳ್ಳುವುದು. ಉಳಿಸಿಕೊಳ್ಳಲಾಗದಾಗ ಕಾರಣವನ್ನೂ ಮುಂದಿನ ವೇಳೆಯನ್ನೂ ತಿಳಿಸುವುದು. ಹಳೆಯದನ್ನು ತೋರಿಸುವಾಗ ಅದು ಮೊದಲು ಯಾವಾಗ ಬಂದುದೆಂದು ಹೇಳುವುದು. ಜನರ ಭಾಷೆಗೆ ಜನರು ಮನೆಯಲ್ಲಿರುವ ಹೊತ್ತನ್ನು ಕೊಡುವುದು. ಇವಕ್ಕೆ ಕೋಟಿ ರೂಪಾಯಿಗಳ ಅಗತ್ಯವಿಲ್ಲ. ಎದುರಿಗೆ ಒಬ್ಬರು ಕಾದು ಕುಳಿತಿದ್ದಾರೆಂಬ ಅರಿವು ಸಾಕು. ವೀಕ್ಷಕರಿಗೂ ಒಂದು ಹೊಣೆಯುಂಟು: ಬೇಸರವನ್ನು ಜಗುಲಿಯ ಮೇಲೆ ಆಡಿ ಮರೆಯದೆ, ಯಾವ ದಿನ, ಯಾವ ಹೊತ್ತು, ಏನು ತಪ್ಪಿತೆಂಬುದನ್ನು ಬರೆದು ಕೇಂದ್ರಕ್ಕೆ ತಿಳಿಸುವುದು.

ಶಾಲೆಯನ್ನು ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಹಳೆಯ ವಿದ್ಯಾರ್ಥಿಗಳ ಕಿವಿಯಲ್ಲಿ ಉಳಿಯುವುದು ಅಲ್ಲಿಯ ಗಂಟೆಯ ನಾದ. ಆ ಗಂಟೆ ಬಾರಿಸಿದಾಗ ಯಾರೋ ಒಬ್ಬರು ತಪ್ಪದೆ ಬರುತ್ತಿದ್ದರು ಎಂಬ ನೆನಪು ಅದರೊಡನೆ ಬೆರೆತಿರುತ್ತದೆ. ಸಾರ್ವಜನಿಕ ಪ್ರಸಾರವು ಜನಮನದಲ್ಲಿ ಅಂಥ ಸ್ಥಾನವನ್ನು ಬಯಸುವುದಾದರೆ ಅದು ಮೊದಲು ಕಲಿಯಬೇಕಾದುದು ಹೊತ್ತಿಗೆ ಸರಿಯಾಗಿ ಬರುವುದನ್ನು.